ಹನ್ನೊಂದು ಕೀಲಿಯ ಲಾರಿ

ನನ್ನ ತಮ್ಮ ಮಲಗುತ್ತಿದ್ದ ಕೋಣೆಗೆ ಬಾಗಿಲೇ ಇರಲಿಲ್ಲ, ಆದರೆ ಅವನ ಲಾರಿಗೆ ಹನ್ನೊಂದು ಕೀಲಿ! ಕೀಲಿ ಅಂದರೆ ನಮ್ಮ ಹೊಸಪೇಟೆ ಕಡೆ ಬೀಗ. ಒಳಗೆ ಬಂಗಾರ ಇದ್ದೀತು ಅಂತ ನೀವು ತಿಳಿದರೆ ತಪ್ಪು ನಿಮ್ಮದಲ್ಲ, ಕಳ್ಳರೂ ಹಾಗೇ ತಿಳಿದಿದ್ದಾರು. ಇದ್ದದ್ದು ನಟ್ಟು ಬಿಚ್ಚುವ ಪಾನಾ, ಜಾಕು, ಸರಪಳಿ ಮತ್ತು ಡೀಸೆಲ್ ಕ್ಯಾನು.

ನಾನು ಮೂರನೇ ಕ್ಲಾಸಿಗೆ ಪಾಟಿ ಎತ್ತಿಟ್ಟವಳು. ಚಂದ ಮಾಡಿ ಹೇಳಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವನು ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಗಣಿ ನಿಂತಿತು, ಕೆಲಸ ಹೋಯಿತು. ಬೇರೆಯವರಾಗಿದ್ದರೆ ಆಟೋ ತೆಗೆದುಕೊಳ್ಳುತ್ತಿದ್ದರು. ಇವನು ಹರಾಜಿನಲ್ಲಿ ಮಿಲಿಟರಿಯ ಹಳೇ ಲಾರಿ ಹಿಡಿದುಕೊಂಡು ಬಂದ. ಹಸಿರು ಬಣ್ಣ, ಆಳೆತ್ತರದ ಗಾಲಿ. ಓಣಿಯೊಳಗೆ ಬಂದಾಗ ಎದುರು ಮನೆಯವಳು ಮಕ್ಕಳನ್ನು ಎಳೆದುಕೊಂಡು ಬಾಗಿಲು ಹಾಕಿಕೊಂಡಳು!

"ಏನಲೇ, ಯುದ್ಧಕ್ಕ ಹೊಂಟೀಯೇನು?" ಅಂದೆ.

"ಇಲ್ಲ ಬೇ ಯಕ್ಕಾ, ಕಂಪ್ಲಿಗೆ."

ಕಂಪ್ಲಿಗೇ ಹೋಗುತ್ತಿದ್ದ. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಯಂತ್ರಗಳು ಕೆಸರಿಗೆ ಇಳಿದು ಕುಳಿತರೆ ಟ್ರ್ಯಾಕ್ಟರಿಗೆ ಅಲ್ಲಾಡುವುದಿಲ್ಲ. ಈ ಮುದಿ ಲಾರಿ ಸರಪಳಿ ಕಟ್ಟಿ ಒಂದು ಸಲ ಗುಡುಗಿದರೆ ಯಂತ್ರ ದಂಡೆಗೆ! ಊಟಕ್ಕೆ ಸಾಕಾಗುವಷ್ಟು ದುಡಿಮೆ ಅದರಲ್ಲಿತ್ತು.

ಒಂದು ದಿನ ಬುಕ್ಕಸಾಗರದಲ್ಲಿ ಚಹಾ ಕುಡಿದು ಬರುವುದರೊಳಗೆ ಯಾರೋ ಜಾಕು, ಪಾನಾ ಎತ್ತಿದರು, ಟ್ಯಾಂಕಿಗೆ ನಳಿಕೆ ಬಿಟ್ಟು ಡೀಸೆಲನ್ನೂ ಹೀರಿದರು. ಅಂದಿನಿಂದ ಶುರುವಾಯಿತು ನೋಡಿ ಇವನ ಹುಚ್ಚು. ದಪ್ಪ ತಗಡು ತಂದ, ವೆಲ್ಡಿಂಗ್ ಮಾಡಿದ, ಲಾರಿಯ ಎರಡೂ ಪಕ್ಕೆಗೆ ಪೆಟ್ಟಿಗೆ ಕೂಡಿಸಿದ. ಡೀಸೆಲ್ ಕ್ಯಾನುಗಳಿಗೆ ಕಬ್ಬಿಣದ ಪಂಜರ, ಮೇಲೆ ಅಡ್ಡಪಟ್ಟಿ, ಅದಕ್ಕೆ ಕೀಲಿ. ಕ್ಯಾನು ಕುಣಿಯದಂತೆ ಕೆಳಗೆ ಹಳೇ ಟಯರಿನ ತುಂಡು. ಮಳೆನೀರು, ಸೋರಿದ ಡೀಸೆಲ್ ಹರಿದುಹೋಗಲು ತಳದಲ್ಲಿ ತೂತು. ಆ ತೂತಿಗಾಗಿ ಅರ್ಧ ದಿನ! ಎಲ್ಲಾ ಒಂದೇ ಅಳತೆಗೆ ಬರಬೇಕಂತೆ.

"ಡೀಸೆಲ್ ಕ್ಯಾನೆಲ್ಲಾ ಎಡಕ್ಕ ಯಾಕ ಇಟ್ಟೀ?" ಅಂದೆ.

"ಬಲಕ್ಕ ಹೊಗಿ ಕೊಳವಿ ಐತಿ. ಅದು ಅತ್ತಿ, ಇದು ಸೊಸಿ. ದೂರಿದ್ರ ಬೆಂಕಿ ಹತ್ತಂಗಿಲ್ಲ."

ಸ್ವತಃ ಮದುವೆಯಾಗದವನಿಗೆ ಇದೆಲ್ಲ ಹೇಗೆ ಗೊತ್ತು ಅಂತೀರಿ? ನನ್ನ ಮನೆಯಲ್ಲಿ ಇಪ್ಪತ್ತು ವರ್ಷ ಊಟ ಮಾಡಿದ್ದನಲ್ಲ!

ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಡೀಸೆಲ್ ಪಂಜರದ ಮೇಲೆ ಹಿತ್ತಾಳೆಯ ಕೊಂಡಿಯೊಂದು ಹೊಳೆಯುತ್ತಿತ್ತು. ಗುರುತು ಸಿಕ್ಕಿತು. ನಾನು ಮದುವೆಯಾಗಿ ಬರುವಾಗ ತಂದ ಟ್ರಂಕಿನ ಕೊಂಡಿ!

"ಕೇಳದs ಕಿತ್ತೀಯೇನಲೇ ಭಾಡ್ಯಾ?"

"ಈಗಿನ ಕೊಂಡಿ ಕೈಲೆ ಮಣೀತಾವಬೇ. ನಿನ್ನ ಟ್ರಂಕಿನ್ಯಾಗ ಏನೈತಿ, ನುಸಿಗುಳಿಗಿ."

ನುಸಿಗುಳಿಗೆ ನಿಜವೇ. ಆದರೂ ಹೊಟ್ಟೆ ಉರಿಯಿತು. ವಾರ ಮಾತು ಬಿಟ್ಟೆ. ಅವನಿಗೆ ಅದು ತಿಳಿಯಲೇ ಇಲ್ಲ, ಅದು ಇನ್ನಷ್ಟು ಉರಿಸಿತು!

ಹನ್ನೊಂದು ಕೀಲಿಕೈಗಳಲ್ಲಿ ಯಾವುದು ಯಾವುದರದು? ಅವನಿಗೂ ಅಕ್ಷರ ಅಷ್ಟಕ್ಕಷ್ಟೇ. ನನ್ನ ಹಳೇ ಸೀರೆಗಳ ಅಂಚು ಹರಿದು ಒಂದೊಂದಕ್ಕೆ ಒಂದೊಂದು ಬಣ್ಣ ಕಟ್ಟಿದ. ಕೆಂಪು ಜಾಕಿಗೆ, ಹಸಿರು ಡೀಸೆಲಿಗೆ, ಹಳದಿ ಸರಪಳಿಗೆ. ಒಂದು ಗೊಂಚಲು ಅವನ ಉಡಿದಾರಕ್ಕೆ. ಇನ್ನೊಂದನ್ನು ನನ್ನ ಅಡುಗೆಮನೆಯ ಮೊಳೆಗೆ ಹಾಕಿ, "ಇದು ನಿನ್ನ ಹಂತ್ಯಾಕ ಇರ್ಲಿ ಯಕ್ಕಾ, ನಂಗ ನೀನs ಕೀಲಿ" ಅಂದ. ನಾನು ಒಲೆಯ ಕಡೆ ತಿರುಗಿಕೊಂಡೆ.

ಆಯುಧಪೂಜೆಗೆ ಮನೆ ತೊಳೆಯುವ ದಿನ ಪಾತ್ರೆ ಮಾರುವವ ಬಂದ. ಹಳೇ ಹಿತ್ತಾಳೆ ಕೊಟ್ಟರೆ ಸ್ಟೀಲಿನ ಸಾಮಾನು. ಒಡೆದ ಸಮೆ ದೀಪ, ತೂತು ಬಿದ್ದ ತಂಬಿಗೆ ಹಾಕಿದೆ. ಅವನ ತಕ್ಕಡಿ ಇನ್ನೂ ಸ್ವಲ್ಪ ಬೇಕೆಂದಿತು. ಮೊಳೆಯ ಮೇಲಿನ ಹನ್ನೊಂದೂ ಹಿತ್ತಾಳೆಯವೇ. ಮರೆತು ಕೊಟ್ಟೆ ಅಂತ ಹೇಳಬಹುದು. ಮರೆತಿರಲಿಲ್ಲ. ನನ್ನ ಕೊಂಡಿಗೆ ನಿನ್ನ ಕೀಲಿಕೈ, ಆಯಿತಾ ಸಮ? ಅಂಚುಗಳನ್ನು ಬಿಚ್ಚಿ ತಕ್ಕಡಿಗೆ ಹಾಕಿದೆ. ಒಂದು ಜಾಲರಿ ಸೌಟು ಬಂತು.

ಸುಗ್ಗಿ ಬಂತು. ಒಂದು ಬೆಳಿಗ್ಗೆ ಕಂಪ್ಲಿಯಿಂದ ಅವನ ಫೋನು.

"ಯಕ್ಕಾ, ರೇಡಿಯೇಟರಿಗೆ ನೀರು ತುಂಬಾಕ ಬಗ್ಗಿದ್ದೆ, ಉಡಿದಾರ ಹರದು ಗೊಂಚಲ ಕಾಲವಿಗೆ ಬಿತ್ತು. ಮೊಳಿಮ್ಯಾಗಿಂದು ಬಸ್ಸಿನ ಕಂಡಕ್ಟರ್ ಕೈಯಾಗ ಜಲ್ದಿ ಕಳಸು. ಯಂತ್ರ ಹೊಲದಾಗ ಕುಂತೈತಿ, ಮಳಿ ಮಾಡ ಹಾಕೇತಿ."

"ಕಾಣವಲ್ದು" ಅಂದೆ.

"ಚಂದಂಗ ನೋಡಬೇ. ಪಾಲಿಗೆ ಹೊಲ ಮಾಡಿದ ಹೆಣ್ಣಮಗಳ ಭತ್ತ ಐತಿ."

"ಕಾಣವಲ್ದೋ."

ಸರಪಳಿ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಒಡೆಯುವ ಸುತ್ತಿಗೆ ಇನ್ನೊಂದು ಪೆಟ್ಟಿಗೆಯೊಳಗೆ! ಊರವರು ಹಾರೆ ತಂದು ಮೀಟಿದರಂತೆ. ಹಾರೆ ಬಾಗಿತು, ಪೆಟ್ಟಿಗೆ ಬಾಗಲಿಲ್ಲ. ಕಳ್ಳರಿಗೆಂದು ಕಟ್ಟಿದ ಕೋಟೆಗೆ ಇವನೇ ಮುತ್ತಿಗೆ ಹಾಕಬೇಕಾಯಿತು. ಮಧ್ಯಾಹ್ನ ಅಂತೂ ಪೆಟ್ಟಿಗೆ ಸೀಳಿ ಸರಪಳಿ ಕೈಗೆ ಸಿಗುವಾಗ ಮಳೆ ಸುರಿಯುತ್ತಿತ್ತು. ಅರ್ಧ ಭತ್ತ ಅಡ್ಡಬಿತ್ತು.

ಸಂಜೆ ಬಂದ. ಕೈಗೆಲ್ಲಾ ತರಚು. ನಾನು ಮಿರ್ಚಿ ಕರಿಯುತ್ತಿದ್ದೆ. ಖಾಲಿ ಮೊಳೆ ನೋಡಿದ. ಆಮೇಲೆ ನನ್ನ ಕೈ ನೋಡಿದ.

"ಸೌಟು ಹೊಸಾದಾ?"

"ಹೂಂ. ಹಳೇ ಹಿತ್ತಾಳಿ ಹಾಕಿ ತಗೊಂಡೆ."

ಒಂದು ಮಿರ್ಚಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ತಿಂದ. "ತೂತು ಸಮ ಅದಾವು," ಅಂದ. "ಎಣ್ಣಿ ಚಂದ ಸೋರತೈತಿ."

ಅಷ್ಟೇ! ಬಯ್ದಿದ್ದರೆ ನಾನೂ ಎರಡು ಬಯ್ದು ಹಗುರಾಗುತ್ತಿದ್ದೆ.

ಬಿದ್ದ ಭತ್ತವನ್ನು ಯಂತ್ರ ಸರಿಯಾಗಿ ಎತ್ತುವುದಿಲ್ಲ, ಕುಡುಗೋಲೇ ಬೇಕು. ಮೂರು ದಿನ ಕಂಪ್ಲಿಗೆ ಹೋಗಿ ಆ ಹೆಣ್ಣುಮಗಳ ಜೊತೆ ಬಗ್ಗಿ ಕೊಯ್ದ. "ತಪ್ಪು ನಂದು, ನಾನs ಕೀಲಿಕೈ ಕಳಕೊಂಡೆ" ಅಂದನಂತೆ ಅವಳಿಗೆ. ಮೂರು ದಿನವೂ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟೆ. ತಪ್ಪು ನನ್ನದು ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಮುಂದಿನ ವಾರ ಪೆಟ್ಟಿಗೆಗಳನ್ನು ತಟ್ಟಿ ಸರಿಮಾಡಿದ, ಹನ್ನೊಂದು ಹೊಸ ಕೀಲಿ ತಂದ. ನನ್ನ ಹತ್ತಿರ ಬಂದು, "ಯಕ್ಕಾ, ಒಂದು ಹಳೇ ಸೀರಿ ಕೊಡು" ಅಂದ. ಅಂಚು ಹರಿದು ಕಟ್ಟಿದ. ಒಂದು ಗೊಂಚಲು ಉಡಿದಾರಕ್ಕೆ. ಇನ್ನೊಂದನ್ನು, ಏನೂ ಆಗಿಯೇ ಇಲ್ಲವೆಂಬಂತೆ, ಅದೇ ಮೊಳೆಗೆ ಹಾಕಿದ!

ಎರಡು ಸುಗ್ಗಿ ಕಳೆದವು. ಮೂರನೆಯದಕ್ಕೆ ಅವನಿರಲಿಲ್ಲ. ಬೆಳಿಗ್ಗೆ ಚಹಾಕ್ಕೆ ಕರೆದೆ, ಏಳಲಿಲ್ಲ. ಬಾಗಿಲಿಲ್ಲದ ಕೋಣೆ, ಕೂಗಿದ್ದು ಕೇಳದೆ ಇರುವಂತಿರಲಿಲ್ಲ.

ಲಾರಿಯನ್ನು ಮರಿಯಮ್ಮನಹಳ್ಳಿಯವರೊಬ್ಬರು ಕೊಂಡರು. ಉಡಿದಾರದ ಗೊಂಚಲನ್ನು ಅವರ ಕೈಗೆ ಕೊಟ್ಟೆ. ಟ್ರಂಕಿನ ಕೊಂಡಿಯೂ ಅದರ ಜೊತೆಗೇ ಹೋಗಲೆಂದು ಬಿಟ್ಟೆ. ಹೊರಡುವಾಗ ಅವರು ಕೇಳಿದರು:

"ಅಮ್ಮಾರ, ಇನ್ನೊಂದು ಗೊಂಚಲ ಇರ್ಬೇಕಲ್ರಿ?"

ಸೊಂಟದಲ್ಲಿ ಸೀರೆ ಸುತ್ತಿ ಸಿಕ್ಕಿಸಿದ ಬಾಳೆಕಾಯಿಯನ್ನು ಒಂದು ಸಲ ಒತ್ತಿ ನೋಡಿಕೊಂಡೆ. ಹನ್ನೊಂದೂ ಇದ್ದವು.

"ಕಾಣವಲ್ದುರೀ" ಅಂದೆ.