ಪಿಟಿಗೂ ಸಿಂಪಥಿಗೂ ನಡುವೆ ಒಂದು ಕೋವಿ

ಎರಡು ಇಂಗ್ಲಿಷ್ ಪದಗಳು ಒಂದೇ ಅರ್ಥದವು ಎಂದು ಯಾರಾದರೂ ಅಂದರೆ ಸಾಕು, ಅವೆರಡನ್ನೂ ಬೇರೆ ಮಾಡುವವರೆಗೆ ನನಗೆ ಸಮಾಧಾನವಿಲ್ಲ. ಅಣ್ಣತಮ್ಮಂದಿರನ್ನು ಪಾಲು ಮಾಡಿಸುವುದರಲ್ಲೇ ಸುಖ ಕಾಣುವ ಜನ ಊರೂರಲ್ಲೂ ಇರುತ್ತಾರಲ್ಲ, ಪದಗಳ ವಿಷಯದಲ್ಲಿ ನಾನು ಅಂಥವನು. ಇದರಿಂದ ಯಾರಿಗೂ ಉಪಕಾರವಾಗಿಲ್ಲ, ನನಗಂತೂ ನಷ್ಟವೇ ಆಗಿದೆ. ಸಾಗರದ ಒಬ್ಬರು ಮಗಳ ಜಾತಕ ಕಳಿಸಿ, ನನ್ನ ಒಪ್ಪಿಗೆಯನ್ನು ‘ಎಕ್ಸ್‌ಪೆಕ್ಟ್’ ಮಾಡುತ್ತೇವೆಂದು ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದರು. ಆಗೇ ಆಗುತ್ತದೆ ಎನ್ನುವುದಕ್ಕೆ ಎಕ್ಸ್‌ಪೆಕ್ಟ್, ಆಗಲಿ ಎನ್ನುವ ಆಸೆಗೆ ಹೋಪ್, ಇಲ್ಲಿ ಹೋಪ್ ಇರಬೇಕಿತ್ತು ಎಂದು ಉತ್ತರ ಬರೆದೆ. ಅವರು ಎರಡನ್ನೂ ಬಿಟ್ಟರು. ಹುಡುಗಿ ಹೊಸನಗರದ ಒಬ್ಬ ಓವರ್‌ಸಿಯರನ್ನು ಮದುವೆಯಾಗಿ ಸುಖವಾಗಿದ್ದಾಳೆಂದು ಕೇಳಿದ್ದೇನೆ.

ನಾನಾಗ ತೀರ್ಥಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಅರವತ್ತೆರಡೋ ಅರವತ್ತಮೂರೋ ಇಸವಿ ಇರಬೇಕು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಸಂಜೆ ಸ್ಕೂಲಿನಿಂದ ಬಂದು ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಕಂಡರೆ ಅಳು ಬರುವಷ್ಟು ಬೇಜಾರು. ಯಾರಾದರೂ ಅದನ್ನು ಸರಿಸಿಟ್ಟಿದ್ದರೆ ಕಳ್ಳ ಬಂದಿದ್ದನೆಂದು ಕೂಗಿಕೊಳ್ಳುತ್ತಿದ್ದೆ, ಅದು ಬೇರೆ ಮಾತು. ಅಲೋನ್, ಲೋನ್ಲಿ ಎರಡಕ್ಕೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಹೇಳುವಾಗ ಉದಾಹರಣೆಗೆ ದೂರ ಹೋಗಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ಸಂತೆಯ ದಿನ ಕವಲೇದುರ್ಗದ ಕಡೆಯ ತಿಮ್ಮಪ್ಪಗೌಡರು ಕೋವಿ ಲೈಸೆನ್ಸಿಗೆ ಅರ್ಜಿ ಬರೆಸಲು ಬಂದರು. ಅವರ ಗದ್ದೆಗೆ ಕಾಡುಹಂದಿ ನುಗ್ಗುತ್ತಿತ್ತು. ಇಂಗ್ಲಿಷಿನಲ್ಲಿದ್ದರೆ ಕಚೇರಿಯ ಸಾಹೇಬರು ಬೇಗ ಸಹಿ ಹಾಕುತ್ತಾರೆಂದು ಅವರಿಗೆ ಯಾರೋ ಹೇಳಿದ್ದರಂತೆ. ಹತ್ತು ಸಾಲಿನ ಕೆಲಸ. ಆದರೆ ಅವರು ಜಗಲಿಯಲ್ಲಿ ಕೂತು, ಎಲೆಯಡಿಕೆಯ ಚೀಲ ಬಿಚ್ಚಿ, ಮೊದಲ ಎಲೆಗೆ ಸುಣ್ಣ ಹಚ್ಚಿ ನನ್ನ ಕಡೆ ಚಾಚಿದಾಗ, ಈ ಕೆಲಸ ಬೇಗ ಮುಗಿಯಬಾರದು ಅನ್ನಿಸಿಬಿಟ್ಟಿತು.

“ಗೌಡ್ರೆ, ಹಂದಿ ಬೆಳೇನ ಡ್ಯಾಮೇಜ್ ಮಾಡ್ತದೋ, ಡಿಸ್ಟ್ರಾಯ್ ಮಾಡ್ತದೋ?” ಎಂದೆ.

“ಎಂತ ವ್ಯತ್ಯಾಸ?”

“ಡ್ಯಾಮೇಜ್ ಅಂದ್ರೆ ಸ್ವಲ್ಪ ಉಳೀತದೆ. ಡಿಸ್ಟ್ರಾಯ್ ಅಂದ್ರೆ ಏನೂ ಉಳಿಯಲ್ಲ.”

ಗೌಡರು ಗಂಭೀರವಾಗಿ ಯೋಚಿಸಿದರು. “ಕೆಳಗಿನ ಗದ್ದೇದು ಡಿಸ್ಟ್ರಾಯೇ. ಮೇಲಿಂದು ನೋಡ್ಕೊಂಡು ಬರ್ಬೇಕು. ಮುಂದಿನ ಸಂತೇಲಿ ಹೇಳ್ತೀನಿ.”

ಆ ವಾರವೆಲ್ಲ ನಾನು ಸಂತೆಯ ದಿನವನ್ನೇ ಕಾದೆ. ಅವರು ಬಂದರು. ಸಂತೆ ಮುಗಿಸಿ, ಕಡೆಯ ಬಸ್ಸು ಬರುವವರೆಗೆ ಕೂತರು. ರಿಕ್ವೆಸ್ಟೋ ಬೆಗ್ಗೋ ಎಂದು ಒಂದು ತಿಂಗಳು, ಪ್ರೊಟೆಕ್ಟೋ ಡಿಫೆಂಡೋ ಎಂದು ಎರಡು ತಿಂಗಳು ಕಳೆದವು. ಕೊನೆಯ ಸಾಲಿನಲ್ಲಿ ಸಾಹೇಬರು ಗೌಡರ ಮೇಲೆ ಪಿಟಿ ತೋರಬೇಕೋ ಸಿಂಪಥಿ ತೋರಬೇಕೋ ಎಂಬ ಪ್ರಶ್ನೆ ಬಂತು. ಮೇಲೆ ನಿಂತು ಕೆಳಗೆ ನೋಡಿ ಅಯ್ಯೋ ಪಾಪ ಅನ್ನುವುದು ಪಿಟಿ, ಪಕ್ಕದಲ್ಲಿ ಕೂತು ಅದನ್ನೇ ಅನ್ನುವುದು ಸಿಂಪಥಿ ಎಂದು ವಿವರಿಸಿದೆ.

“ಹಂಗಾದ್ರೆ ಸಾಹೇಬ್ರು ಮೇಲೇ ನಿಂತಿರ್ಲಿ ಮಾರಾಯ್ರೆ,” ಎಂದರು ಗೌಡರು. “ಪಕ್ಕದಲ್ಲಿ ಬಂದು ಕೂತ್ರೆ ನಾನು ಎಂತ ಮಾತಾಡ್ಲಿ?”

ಕೊಯ್ಲು ಮುಗಿಯಿತು, ಅರ್ಜಿ ಮುಗಿಯಲಿಲ್ಲ. ಆಗ ನನ್ನ ಮನಸ್ಸು ಚುಚ್ಚತೊಡಗಿತು. ನನ್ನ ವಾರಕ್ಕೊಂದು ಸಂಜೆಯ ಸುಖಕ್ಕಾಗಿ ಒಬ್ಬ ಮನುಷ್ಯನ ವರ್ಷದ ಅನ್ನವನ್ನು ಹಂದಿಗೆ ಬಿಟ್ಟುಕೊಟ್ಟಿದ್ದೆ. ಇದು ಮಿಸ್ಟೇಕ್ ಅಲ್ಲ, ಕ್ರೈಮ್ ಎಂದು ನನಗೆ ನಾನೇ ವ್ಯತ್ಯಾಸ ಹೇಳಿಕೊಂಡು, ಹತ್ತೂ ಸಾಲನ್ನು ಒಂದೇ ಉಸಿರಿಗೆ ಬರೆದು ಮುಗಿಸಿ ಮುಂದಿನ ಸಂತೆಯ ದಿನ ಗೌಡರ ಕೈಗಿಟ್ಟೆ. ಇನ್ನು ಇವರು ಬರುವುದಿಲ್ಲವೆಂದುಕೊಂಡೆ.

ಗೌಡರು ಕಾಗದವನ್ನು ಬಿಚ್ಚಲೇ ಇಲ್ಲ. “ಲೈಸೆನ್ಸು ಬಂದು ಎರಡು ತಿಂಗ್ಳಾತು ಮೇಷ್ಟ್ರೆ. ಕಚೇರಿ ಹತ್ರ ಒಬ್ರು ಬರ್ಕೊಟ್ರು. ಕನ್ನಡದಲ್ಲೇ.”

“ಮತ್ತೆ ನೀವು ವಾರವಾರ ಬರ್ತಿದ್ದದ್ದು?”

“ನಿಮ್ಮ ಜಗಲಿ ಬಸ್ಸಿಗೆ ಹತ್ರ,” ಎಂದು ಅಡಿಕೆ ಹೋಳು ಆರಿಸಿದರು. ಅದನ್ನು ಬಾಯಿಗೆ ಹಾಕಿಕೊಂಡು, “ನೀವೂ ಒಬ್ರೇ ಇರ್ತೀರಲ್ಲ,” ಎಂದರು.

ಅದು ಪಿಟಿಯೋ ಸಿಂಪಥಿಯೋ ಎಂದು ಕೇಳಲು ಬಾಯಿ ತೆರೆದೆ. ಹುಟ್ಟಿದ ಮೇಲೆ ಮೊದಲ ಸಲ ನನಗೆ ವ್ಯತ್ಯಾಸ ಬೇಡವಾಯಿತು. ಮುಂದಿನ ಸಂತೆಗೆ ಬರುತ್ತೀರಲ್ಲ ಎಂದಷ್ಟೇ ಕೇಳಿದೆ.

“ಬಾರದೆ ಎಂತ? ಲೈಸೆನ್ಸು ರಿನ್ಯೂವಲ್ ಅರ್ಜಿ ಶುರು ಮಾಡ್ಬೇಕಲ್ಲ,” ಎಂದು ಗೌಡರು ಚೀಲ ಕಟ್ಟಿ ಬಸ್ಸಿಗೆ ಹೊರಟರು.

ರಿನ್ಯೂವಲ್‌ಗೆ ಇನ್ನೂ ಎರಡು ವರ್ಷವಿತ್ತು. ನಾನು ಒಳಗೆ ಹೋಗಿ ಕಾಫಿ ಲೋಟ ತೊಳೆದಿಟ್ಟು, ಪೆನ್ನಿಗೆ ಶಾಯಿ ತುಂಬಿಸಿಕೊಂಡೆ.