ನಾಲ್ಕನೆಯ ಸ್ಥಾನದ ಆಸೆ

‘ಸೋತರೆ ಚಿಂತೆಯಿಲ್ಲ. ಗೆದ್ದುಬಿಟ್ಟರೆ ಏನು ಗತಿ?’

ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಅವಳು ದಿನಚರಿಯಲ್ಲಿ ಬರೆದದ್ದು ಇಷ್ಟೇ. ಬರೆದವಳು ಯಾರಾದರೂ ನೋಡಿಬಿಟ್ಟಾರೆಂದು ಆ ಸಾಲನ್ನು ಅಂಗೈಯಿಂದ ಮುಚ್ಚಿಕೊಂಡಳು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂದು ಕುರ್ಚಿ ಮಾತ್ರ.

ಅಂದು ಅಂತರರಾಷ್ಟ್ರೀಯ ಕಾರ್ಟ್ ರೇಸಿನ ಫೈನಲ್. ಕಾರ್ಟ್ ಎಂದರೆ ಮಂಡಿಯೆತ್ತರದ ಪುಟ್ಟ ಗಾಡಿ. ಬಾಗಿಲಿಲ್ಲ, ಛಾವಣಿಯಿಲ್ಲ, ಕೂತವರಿಗೂ ನೆಲಕ್ಕೂ ನಾಲ್ಕೇ ಬೆರಳು ಅಂತರ. ಹದಿನಾಲ್ಕು ದೇಶಗಳಿಂದ ಬಂದಿದ್ದ ಇಪ್ಪತ್ತೆಂಟು ಜನರಲ್ಲಿ ಅವಳೂ ಒಬ್ಬಳು. ವೇಗದ ಭಯ ಅವಳಿಗಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡವರನ್ನು ಯಾರೂ ನಿಲ್ಲಿಸಿ, ‘ಡಿಗ್ರಿ ಆಯ್ತಲ್ಲಮ್ಮ, ಮುಂದೇನು?’ ಎಂದು ಕೇಳುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರಂತೂ ಕೇಳಿದರೂ ಕೇಳಿಸುವುದಿಲ್ಲ.

ಅವಳಿಗೆ ಭಯವಿದ್ದದ್ದು ಮೈಕಿನದು. ಮೊದಲ ಮೂವರು ವೇದಿಕೆ ಹತ್ತಿ ತಲಾ ಎರಡು ನಿಮಿಷ ಮಾತಾಡಬೇಕೆಂದು ನಿಯಮಾವಳಿಯ ಹನ್ನೊಂದನೆಯ ಪುಟದಲ್ಲಿ ಅಚ್ಚಾಗಿತ್ತು. ಕಾಲೇಜಿನ ಕೊನೆಯ ದಿನ ವಂದನಾರ್ಪಣೆಗೆಂದು ಎದ್ದು ನಿಂತವಳಿಗೆ ‘ಎಲ್ಲರಿಗೂ’ ಎನ್ನುವಷ್ಟರಲ್ಲಿ ಬಿಕ್ಕಳಿಕೆ ಹತ್ತಿಕೊಂಡಿತ್ತು. ಹನ್ನೆರಡು ಬಿಕ್ಕಳಿಕೆಗಳ ತನಕ ಕಾದ ಪ್ರಾಂಶುಪಾಲರು ಎದ್ದು ಬಂದು, ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಂತೆ ಮೈಕನ್ನು ಬಿಡಿಸಿಕೊಂಡಿದ್ದರು.

ಆದ್ದರಿಂದ ಅವಳು ನಿರ್ಧರಿಸಿದ್ದಳು: ನಾಲ್ಕನೆಯ ಸ್ಥಾನ. ಮರ್ಯಾದೆಗೆ ಮರ್ಯಾದೆ, ಮೌನಕ್ಕೆ ಮೌನ.

ಕೆಳಗಿಳಿದರೆ ಮಾವನ ವರ್ಕ್‌ಶಾಪು. ಅವಳ ತಾಯಿಯ ತಮ್ಮನಾದ ಮಾವ, ಅವಳಿಗೆ ಎಂಟು ವರ್ಷವಿದ್ದಾಗ ಮನೆಗೆ ಕರೆತಂದಿದ್ದರು. ಯಾರೊಡನೆಯೂ ಮಾತಾಡದ ಹುಡುಗಿಯನ್ನು ಏನು ಮಾಡುವುದೆಂದು ತೋಚದೆ, ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನಿಗೆ ನಾಲ್ಕು ಚಕ್ರ ಜೋಡಿಸಿ ಕೂರಿಸಿದ್ದರು. ಅವತ್ತಿನಿಂದ ತುಂಬಿದ ಒಂಬತ್ತು ದಿನಚರಿಗಳಲ್ಲಿ ಮಾವನಿಗೆ ಅವಳು ಥ್ಯಾಂಕ್ಸ್ ಹೇಳಿದ್ದಕ್ಕೆ ಲೆಕ್ಕವಿಲ್ಲ. ಮಾವನ ಕಿವಿಗೆ ಮಾತ್ರ ಒಂದೂ ಬಿದ್ದಿರಲಿಲ್ಲ.

ಮಾವ ಇಂಜಿನ್ನಿಗೆ ಕಿವಿಯಿಟ್ಟು ಕೂತಿದ್ದರು, ಹಸುಗೂಸಿನ ಎದೆಬಡಿತ ಕೇಳುವ ಡಾಕ್ಟರ ಹಾಗೆ. ಎಂಟು ತಿಂಗಳು ಕೂತು ಕಟ್ಟಿದ ಇಂಜಿನ್ ಅದು.

‘ಪುಟ್ಟಿ, ಕೇಳು ಬಾ ಇಲ್ಲಿ. ಒಂಚೂರೂ ಕೆಮ್ಮಲ್ಲ. ಇವತ್ತು ನೀನು ಸುಮ್ನೆ ಕೂತಿದ್ರೂ ಸಾಕು, ಅದೇ ಕರ್ಕೊಂಡು ಹೋಗುತ್ತೆ.’

‘ಅಷ್ಟು ಚೆನ್ನಾಗಿ ಓಡ್ಲೇಬೇಕಾ ಮಾವ?’ ಬಾಯಿ ತಪ್ಪಿ ಬಂತು.

‘ನೋಡಿದ್ಯೇನೇ ಇವಳ ವಿನಯ!’ ಎಂದು ಮಾವ ಅತ್ತೆಯತ್ತ ತಿರುಗಿ ನಕ್ಕರು.

‘ವಿನಯ ಆಮೇಲೆ. ಮೊದ್ಲು ತೋಳೆತ್ತು,’ ಎಂದರು ಅತ್ತೆ, ತುಟಿಗಳ ನಡುವೆ ಸೂಜಿ ಕಚ್ಚಿಕೊಂಡೇ. ಯಾರೋ ದಪ್ಪ ಚಾಲಕ ಹಾಕಿ ಬಿಟ್ಟ ರೇಸಿನ ಉಡುಪನ್ನು ಅವರು ಬಿಚ್ಚಿ, ಕತ್ತರಿಸಿ, ಇವಳ ಮೈಗೆ ಹೊಂದಿಸಿದ್ದರು. ‘ಎದೆ ಹತ್ರ ಒಳಜೇಬು ಹೊಲಿದಿದೀನಿ. ಮೇಷ್ಟ್ರ ಭಾಷಣ ಇಟ್ಕೋ.’

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಆಗಲೇ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಸೌಟು. ವಾರದಿಂದ ಆ ಸೌಟೇ ಅವಳ ಅಭ್ಯಾಸದ ಮೈಕು.

‘ಮೂರೇ ಪುಟ. ಮೊದಲ್ನೇದು ಚಕ್ರ ಕಂಡುಹಿಡಿದವನಿಗೆ ವಂದನೆ. ಎರಡನೇದು ಬೆಂಕಿ ಕಂಡುಹಿಡಿದವನಿಗೆ. ಮೂರನೇದು ಗುರುವಿಗೆ.’

‘ಮಾವನಿಗೆ?’ ಎಂದಳು ಅವಳು ಮೆಲ್ಲಗೆ.

‘ಜಾಗ ಸಾಲ್ಲಿಲ್ಲಮ್ಮ.’

ಮೈದಾನದಲ್ಲಿ ವ್ಯಾನಿನಿಂದ ಕಾರ್ಟ್ ಇಳಿಸಿ ಒಮ್ಮೆ ಶುರು ಮಾಡಿದ್ದೇ ತಡ, ಪಕ್ಕದ ಶೆಡ್ಡಿನಿಂದ ಬಿಳಿಗಡ್ಡದ ಒಬ್ಬ ಯಜಮಾನರು ಸದ್ದು ಹಿಡಿದು ಬಂದರು. ಯಾವುದೋ ದೇಶದ ದೊಡ್ಡ ತಂಡದವರು. ಇಂಜಿನ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತಲೆದೂಗಿದರು. ಜೊತೆಗಿದ್ದ ಅನುವಾದಕಿ ಹೇಳಿದಳು: ‘ಇದನ್ನ ಕಟ್ಟಿದವರು ಯಾರು ಅಂತ ಕೇಳ್ತಿದಾರೆ. ರೇಸಲ್ಲಿ ಹೀಗೇ ಕೊನೇವರೆಗೂ ಓಡಿದ್ರೆ, ಮುಂದಿನ ವರ್ಷ ಅವ್ರ ಗಾಡಿಗಳಿಗೆಲ್ಲ ನೀವೇ ಕಟ್ಟಿಕೊಡ್ಬೇಕಂತೆ.’

ಮಾವ ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಕುಲುಕಿದರು. ಹತ್ತು ನಿಮಿಷ ಅವರ ಬಾಯಿಂದ ಮಾತೇ ಹೊರಡಲಿಲ್ಲ. ತನ್ನ ಕಾಯಿಲೆ ಅಂಟಿತೇನೋ ಎಂದು ಅವಳಿಗೆ ದಿಗಿಲಾಯಿತು.

ಒಂಬತ್ತನೆಯ ಜಾಗದಿಂದ ಹೊರಟಾಗ ಅವಳ ಲೆಕ್ಕ ಸರಳವಾಗಿತ್ತು: ಐವರನ್ನು ದಾಟುವುದು, ನಿಟ್ಟುಸಿರು ಬಿಡುವುದು. ಮೊದಲ ತಿರುವಿನಲ್ಲೇ ಇಬ್ಬರು ಒಬ್ಬರಿಗೊಬ್ಬರು ಗುದ್ದಿಕೊಂಡು ಪಕ್ಕಕ್ಕೆ ಹೋದರು. ಮತ್ತಿಬ್ಬರನ್ನು ಮಾವನ ಇಂಜಿನ್ ತಾನಾಗಿಯೇ ನುಂಗಿತು. ಎಂಟನೆಯ ಸುತ್ತಿನಲ್ಲಿ ಕೆಂಪು ಹೆಲ್ಮೆಟ್ಟಿನವನನ್ನು ದಾಟಿದಾಗ ಅವಳು ನಾಲ್ಕನೆಯವಳು. ಅಷ್ಟರಲ್ಲಿ ಅವಳು ಲೆಕ್ಕವನ್ನೇ ಮರೆತು, ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹಾಡುತ್ತಿದ್ದಳು.

ಆಗ ಮುಂದಿದ್ದವನ ಚೈನು ಕಳಚಿತು. ಅವಳು ಮೂರನೆಯವಳಾದಳು.

ಮುಕ್ತಾಯದ ಗೆರೆಯ ಪಕ್ಕದಲ್ಲೇ ವೇದಿಕೆ. ಅದರ ಮೇಲೆ, ಬಿಸಿಲಿಗೆ ಮಿನುಗುತ್ತ, ಕತ್ತು ಬಗ್ಗಿಸಿ ನಿಂತಿತ್ತು ಮೈಕು. ಹೊಂಚು ಹಾಕಿದ ಕೊಕ್ಕರೆಯ ಹಾಗೆ. ಹಾಡು ಅರ್ಧಕ್ಕೇ ನಿಂತಿತು.

ಹಿಂದೆಯೇ ಇದ್ದ ಕೆಂಪು ಹೆಲ್ಮೆಟ್ಟಿಗೆ ಅವಳು ತಿರುವು ತಿರುವಿನಲ್ಲೂ ದಾರಿ ಬಿಟ್ಟಳು. ಮದುವೆಮನೆಯ ಬಾಗಿಲಲ್ಲಿ ನಿಂತವರು ಕೂಡ ಅಷ್ಟು ಉಪಚಾರ ಮಾಡುವುದಿಲ್ಲ. ಅವನಿಗೋ ಅನುಮಾನ. ಇದೇನೋ ಬಲೆಯೆಂದು ಅವನು ಮುಂದೆ ಬರಲೇ ಇಲ್ಲ. ಕೊನೆಯ ಸುತ್ತಿನಲ್ಲಿ ಧೈರ್ಯ ಮಾಡಿ ನುಗ್ಗಿದವನು ವೇಗ ಹೆಚ್ಚಾಗಿ, ಬುಗುರಿಯಂತೆ ಗಿರಗಿರನೆ ತಿರುಗಿ ಹುಲ್ಲಿನ ಮೇಲೆ ಹೋಗಿ ಕೂತ. ಐದನೆಯವರು ಎಲ್ಲೋ ದೂರದಲ್ಲಿ ಸೊಳ್ಳೆಯಷ್ಟು ಕಾಣುತ್ತಿದ್ದರು.

ಕೊನೆಯ ತಿರುವಿನ ಮುಂದೆ ಅವಳು ಆಕ್ಸಿಲರೇಟರಿನಿಂದ ಕಾಲೆತ್ತಿದಳು. ಗಾಡಿ ತೆವಳಿತು. ‘ಎದ್ದೇಳೋ ಮಾರಾಯ, ಬೇಗ ಬಾರೋ,’ ಎಂದು ಹೆಲ್ಮೆಟ್ಟಿನೊಳಗೇ ಗೋಗರೆದಳು. ಅವನು ಎದ್ದ, ಬಂದ, ತಬ್ಬಿಬ್ಬಾಗಿ ಅವಳತ್ತ ನೋಡಿದ. ಅವಳು ಕೈ ಬೀಸಿ ಮುಂದೆ ಕಳಿಸಿದಳು.

ನಾಲ್ಕನೆಯ ಸ್ಥಾನ! ಜಗತ್ತಿನಲ್ಲಿ ಇಷ್ಟು ಕಷ್ಟಪಟ್ಟು ಯಾರೂ ನಾಲ್ಕನೆಯವರಾಗಿರಲಾರರು.

ಶೆಡ್ಡಿಗೆ ಬಂದು ಹೆಲ್ಮೆಟ್ ತೆಗೆದಾಗ ಮಾವ ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

‘ಕೊನೇ ತಿರುವಲ್ಲಿ ಉಸಿರು ಕಟ್ತಲ್ಲ ಪುಟ್ಟಿ? ನಂದೇ ತಪ್ಪು. ಕಾರ್ಬ್ಯುರೇಟರ್ ಒಂದು ಸುತ್ತು ಜಾಸ್ತಿ ಬಿಗಿ ಮಾಡಿದ್ನೋ ಏನೋ.’

‘ಮಾವ, ಅದು...’

‘ಮಾತಾಡಿಸ್ಬೇಡಿ ಅವಳನ್ನ,’ ಎಂದರು ಮೇಷ್ಟ್ರು. ‘ದುಃಖದಲ್ಲಿದಾಳೆ.’

‘ಇಲ್ಲ, ನಾನು...’

‘ಸುಮ್ನಿರು ಕಂದ, ಮೊದ್ಲು ನೀರು ಕುಡಿ,’ ಎಂದರು ಅತ್ತೆ, ಬಾಟಲಿಯನ್ನು ಬಾಯಿಗೇ ಇಟ್ಟು. ಹುಟ್ಟಿದಂದಿನಿಂದ ಅವಳ ವಾಕ್ಯಗಳನ್ನು ಮುಗಿಸುತ್ತ ಬಂದವರೆಲ್ಲ ಬೇರೆಯವರೇ.

‘ಆ ಯಜಮಾನ್ರಿಗೆ ಬೇಡ ಅಂತ ಹೇಳಿಬಿಟ್ಟೆ,’ ಎಂದರು ಮಾವ, ಕಣ್ಣೆತ್ತದೆ. ‘ಕೊನೇ ತಿರುವಲ್ಲಿ ಕೈಕೊಡೋ ಇಂಜಿನ್ನ ಇನ್ನೊಬ್ರ ಮಕ್ಕಳಿಗೆ ಹೇಗೆ ಕಟ್ಟಿಕೊಡ್ಲಿ? ಸಾಕು. ಇನ್ಮೇಲೆ ಪಂಕ್ಚರ್ ಹಾಕ್ಕೊಂಡು ಇರ್ತೀನಿ.’

ನೀರು ಅವಳ ನೆತ್ತಿಗೇರಿತು.

ಬಹುಮಾನ ವಿತರಣೆ ಶುರುವಾದಾಗ ಮಾವ ಬರಲೊಪ್ಪಲಿಲ್ಲ. ಕೊನೆಗೆ ಇಂಜಿನ್ನನ್ನೂ ಹಳೆಯ ಬಟ್ಟೆಯೊಂದನ್ನೂ ತಂದು, ವೇದಿಕೆಯ ಮಗ್ಗುಲಲ್ಲೇ ಹರವಿಕೊಂಡು ಬಿಚ್ಚತೊಡಗಿದರು.

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು: ‘ಇವತ್ತು ಮೊದಲ ಮೂವರ ಭಾಷಣ ಇರುವುದಿಲ್ಲ.’

ಮೂವರು ಹತ್ತಿದರು, ಕಪ್ ಎತ್ತಿದರು, ಇಳಿದರು. ಮುಕ್ಕಾಲು ನಿಮಿಷವೂ ಹಿಡಿಯಲಿಲ್ಲ. ಅವಳು ಬಾಯಿ ತೆರೆದು ನೋಡಿದಳು. ಇಷ್ಟೇನಾ? ಇಷ್ಟಕ್ಕೇ ಆಗಿದ್ದರೆ ಮೂರನೆಯವಳಾಗಬಹುದಿತ್ತು, ಮೊದಲನೆಯವಳೇ ಆಗಬಹುದಿತ್ತು!

‘ಆ ಆರು ನಿಮಿಷಗಳನ್ನು ತೀರ್ಪುಗಾರರು ಒಬ್ಬರಿಗೇ ಮೀಸಲಿಟ್ಟಿದ್ದಾರೆ,’ ಎಂದಿತು ಧ್ವನಿವರ್ಧಕ. ‘ಗೆಲುವು ಕೈಯಲ್ಲಿದ್ದರೂ, ಬಿದ್ದ ಎದುರಾಳಿಗಾಗಿ ಕಾದು ನಿಂತ ಮಹಾ ಹೃದಯಕ್ಕೆ, ಈ ಸಲದ ಔದಾರ್ಯ ಪ್ರಶಸ್ತಿ!’

ಹಿಂದಿನ ದೊಡ್ಡ ಪರದೆಯ ಮೇಲೆ ಅವಳು ಕೈ ಬೀಸುತ್ತಿದ್ದಳು. ಕೆಂಪು ಹೆಲ್ಮೆಟ್ಟಿನವನು ಕಣ್ಣೊರೆಸಿಕೊಂಡ. ಅತ್ತೆ ಅವಳ ಕಾಲರ್ ಸರಿಮಾಡಿ, ಬೆನ್ನಿಗೊಂದು ಗುದ್ದು ಕೊಟ್ಟು ಮೆಟ್ಟಿಲು ಹತ್ತಿಸಿದರು.

ಎರಡು ನಿಮಿಷದಿಂದ ತಪ್ಪಿಸಿಕೊಳ್ಳಲು ಓಡಿದವಳು ಆರು ನಿಮಿಷದ ಬಾಯಿಗೆ ಬಿದ್ದಿದ್ದಳು.

‘ಎಲ್ಲರಿಗೂ...’ ಎಂದಳು. ಬಿಕ್ಕಳಿಕೆ ಬಂತು. ಇನ್ನೊಂದು ಬಂತು. ಅನುವಾದಕರು ಕಂಗಾಲಾಗಿ ಮುಖ ಮುಖ ನೋಡಿಕೊಂಡರು. ‘ಚಕ್ರ! ಚಕ್ರ!’ ಎಂದು ಮೇಷ್ಟ್ರು ಕೆಳಗಿನಿಂದ ಸೌಟು ಬೀಸಿದರು. ಅವಳು ಒಳಜೇಬಿಗೆ ಕೈ ಹಾಕಿದಳು. ಬೆವರಿಗೆ ನೆಂದು ಮೂರೂ ಪುಟಗಳು ಒಂದಾಗಿದ್ದವು. ಚಕ್ರ, ಬೆಂಕಿ, ಗುರು ಎಲ್ಲ ಕಲೆತು ಒಂದೇ ನೀಲಿ ಉಂಡೆ.

ತಲೆಯೆತ್ತಿದಾಗ ಮುಂದಿನ ಸಾಲಿನಿಂದ ಬಿಳಿಗಡ್ಡದ ಯಜಮಾನರು ಹೊರಡಲು ಏಳುತ್ತಿದ್ದರು. ವೇದಿಕೆಯ ಮಗ್ಗುಲಲ್ಲಿ ಮಾವ ಕಾರ್ಬ್ಯುರೇಟರಿನ ಸಣ್ಣ ತೂತನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇಲ್ಲದ ಕಸವನ್ನು ಹುಡುಕುತ್ತಿದ್ದರು. ಸಿಗದಿದ್ದಾಗ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು.

ಬಿಕ್ಕಳಿಕೆ ನಿಂತಿತು.

‘ನಾನು ಯಾರಿಗೋಸ್ಕರಾನೂ ಕಾಯ್ಲಿಲ್ಲ,’ ಎಂದಳು. ‘ಈ ಮೈಕಿಗೆ ಹೆದರಿ ನಿಂತೆ.’

ಮಾತು ಹದಿನಾಲ್ಕು ದೇಶಗಳ ಕಿವಿಗಳಿಗೆ ಒಂದೊಂದಾಗಿ ತಲುಪಿತು. ಕೆಂಪು ಹೆಲ್ಮೆಟ್ಟಿನವನು ಒರೆಸಿಕೊಳ್ಳುತ್ತಿದ್ದ ಕರವಸ್ತ್ರವನ್ನು ಜೇಬಿಗಿಟ್ಟ. ಪ್ರಶಸ್ತಿ ಹಿಡಿದು ಅವಳ ಪಕ್ಕಕ್ಕೆ ಬಂದಿದ್ದ ತೀರ್ಪುಗಾರರ ಕೈ, ಬಂದ ದಾರಿಯಲ್ಲೇ ಮೆಲ್ಲನೆ ಹಿಂದೆ ಸರಿಯಿತು. ಬಿಳಿಗಡ್ಡದ ಯಜಮಾನರು ಎದ್ದವರು ಮತ್ತೆ ಕೂತರು.

ಅವಳು ಅದೊಂದನ್ನೂ ನೋಡಲಿಲ್ಲ. ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

‘ಬಿಚ್ಚಬೇಡಿ ಮಾವ. ಇಂಜಿನ್ ಚೆನ್ನಾಗಿತ್ತು. ನೀವು ಕೊಟ್ಟಿದ್ದೆಲ್ಲಾ ಚೆನ್ನಾಗೇ ಇತ್ತು. ಕಾಲೆತ್ತಿದ್ದು ನಾನು.’