ಏಳೆಂಟ್ಲ ಐವತ್ನಾಲ್ಕು

ತಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ಹತ್ತೊಂಬತ್ತು ವರ್ಷದಿಂದ ಸೀಮೆಸುಣ್ಣದ ಪುಡಿ ನುಂಗುತ್ತಿದ್ದೇನೆ. ವರ್ಷಕ್ಕೊಂದು ಸಲ ನಮ್ಮನ್ನೂ ನಂಜನಗೂಡು ತಾಲ್ಲೂಕಿನವರನ್ನೂ ಒಟ್ಟಿಗೆ ಕೂರಿಸಿ ಕಾರ್ಯಾಗಾರ ನಡೆಸುತ್ತಾರೆ. ಮಕ್ಕಳಿಗೆ ಇನ್ನೂ ಚೆನ್ನಾಗಿ ಹೇಗೆ ಕಲಿಸಬೇಕು ಅಂತ ನಮಗೆ ಕಲಿಸುವ ಕಾರ್ಯಕ್ರಮ ಅದು. ಎಂಬತ್ತು ಜನ ಗಣಿತದವರು ಒಂದೇ ಹಾಲಿನಲ್ಲಿ ಕೂತರೆ ಏನೂ ಆಗದೆ ದಿನ ಮುಗಿಯುವುದೇ ಇಲ್ಲ. ಒಂದು ವರ್ಷ ಏನೂ ಆಗಲಿಲ್ಲ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ವರ್ಷ ನಾನು ರಜೆಯಲ್ಲಿದ್ದೆ.

೧. ಹದಿನೈದು ನಿಮಿಷ

ಕಾರ್ಯಾಗಾರ ನಡೆಸುವವರು ನಮ್ಮ ವಿಷಯ ಪರಿವೀಕ್ಷಕರು. ಒಳ್ಳೆಯ ಮನುಷ್ಯ, ಆದರೆ ಅವರ ಕೈಯಲ್ಲಿ ಸದಾ ಒಂದು ಕೆಂಪು ರಟ್ಟಿನ ರಿಜಿಸ್ಟರು. ನಡೆದದ್ದು, ನಡೆಯಬೇಕಾದದ್ದು ಎಲ್ಲವನ್ನೂ ಅದರಲ್ಲಿ ಪೆನ್ನಿನಲ್ಲೇ ಬರೆಯುತ್ತಾರೆ. ಹೊಡೆದು ಹಾಕಿದ ಸಾಲು ಇರುವ ವರದಿಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಮೇಲಕ್ಕೆ ಕಳಿಸಿಲ್ಲ ಎನ್ನುವುದು ಅವರ ಹೆಮ್ಮೆ.

ಒಂದು ವರ್ಷ ಅವರು ವೇಳಾಪಟ್ಟಿ ಓದಿದರು. ಮೊದಲ ಪಾಠ ಹತ್ತರಿಂದ ಹನ್ನೊಂದೂವರೆ, ಎರಡನೇ ಪಾಠ ಹನ್ನೊಂದೂಕಾಲರಿಂದ ಒಂದು ಗಂಟೆ. ಓದಿ ಮುಗಿಸುವುದರೊಳಗೆ ಹಾಲಿನಲ್ಲಿ ಇಪ್ಪತ್ತು ಕೈ ಮೇಲೆದ್ದವು. ನಮ್ಮವರ ಸ್ವಭಾವವೇ ಹಾಗೆ. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದಾ ಅಂತ ನೋಡುವ ಜನ.

ಎಲ್ಲರ ಪರವಾಗಿ ನಂಜನಗೂಡಿನ ಕಡೆಯ ಹಿರಿಯ ಮೇಷ್ಟ್ರು ಎದ್ದು ನಿಂತರು. ತಪ್ಪು ಹಿಡಿಯುವುದರಲ್ಲಿ ಎರಡೂ ತಾಲ್ಲೂಕಿಗೆ ಅವರೇ ದೊಡ್ಡವರು.

“ಸಾರ್, ಹನ್ನೊಂದೂಕಾಲರಿಂದ ಹನ್ನೊಂದೂವರೆವರೆಗೆ ನಾವು ಎರಡೂ ಪಾಠದಲ್ಲಿ ಇರಬೇಕಾಗ್ತದೆ.”

ಪರಿವೀಕ್ಷಕರು ರಿಜಿಸ್ಟರು ನೋಡಿದರು, ಗೋಡೆ ಗಡಿಯಾರ ನೋಡಿದರು. “ಪೆನ್ನಲ್ಲಿ ಬರೆದಾಗಿದೆ. ಆ ಹದಿನೈದು ನಿಮಿಷ ಒಂದೊಂದು ಕಿವಿ ಒಬ್ಬೊಬ್ಬರಿಗೆ ಕೊಡಿ.”

೨. ಊಟಕ್ಕೆ ಎಷ್ಟು ಜನ

ಇನ್ನೊಂದು ವರ್ಷ ಕಾರ್ಯಾಗಾರ ನಮ್ಮ ನರಸೀಪುರದಲ್ಲಿ. ಬೆಳಗಿನ ಪಾಠ ಗಣಗಳ ಮೇಲೆ. ಎರಡು ಗುಂಪಿನಲ್ಲೂ ಇರುವವರನ್ನು ಒಂದೇ ಸಲ ಎಣಿಸಬೇಕು ಅನ್ನುವುದನ್ನು ಒಂದು ಗಂಟೆ ಕಾಲ ಬಹಳ ಚೆನ್ನಾಗಿ ವಿವರಿಸಿದರು. ಪಾಠ ಮುಗಿಯುವ ಹೊತ್ತಿಗೆ ಅಡುಗೆಯ ಅಮ್ಮ ಬಾಗಿಲಿಗೆ ಬಂದು ನಿಂತರು.

“ಎಷ್ಟ್ ಜನ ಆಯ್ತೀರ ಸಾ? ಅಕ್ಕಿ ಆಕ್ಬೇಕು.”

ಒಬ್ಬರು ಸಹಿ ಎಣಿಸಿ ಎಂಬತ್ತಮೂರು ಅಂದರು. ಇನ್ನೊಬ್ಬರು ತಲೆ ಎಣಿಸಿ ಎಪ್ಪತ್ತೊಂಬತ್ತು ಅಂದರು. ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿದಾಗ, ನಂಜನಗೂಡಿನಲ್ಲಿ ಮನೆ ಮಾಡಿಕೊಂಡು ನಮ್ಮ ತಾಲ್ಲೂಕಿನಲ್ಲಿ ಪಾಠ ಮಾಡುವ ಇಬ್ಬರು ಮೇಡಂಗಳು ಯಾವುದಕ್ಕೂ ಇರಲಿ ಅಂತ ಎರಡೂ ಪಟ್ಟಿಯಲ್ಲಿ ಸಹಿ ಹಾಕಿದ್ದು ಗೊತ್ತಾಯಿತು. ಆಗಲೂ ಲೆಕ್ಕ ಕೂಡಲಿಲ್ಲ. ಹಿರಿಯ ಮೇಷ್ಟ್ರು ಬೋರ್ಡಿನ ಮೇಲೆ ಎರಡು ದೊಡ್ಡ ವೃತ್ತ ಬರೆದರು. ನಮ್ಮ ಕಡೆಯವರೊಬ್ಬರು ಹೋಗಿ ಮೂರನೆಯದು ಬರೆದರು. ಟೀ ಕುಡಿಯಲು ಹೊರಗೆ ಹೋದವರನ್ನು ಯಾವ ವೃತ್ತದಲ್ಲಿ ಇಡಬೇಕು ಅಂತ ಜೋರು ಚರ್ಚೆ ನಡೆಯಿತು.

ಹನ್ನೆರಡೂವರೆಗೆ ಉತ್ತರ ಸಿಕ್ಕಿತು. ನಾನೇ ಅಡುಗೆ ಮನೆಗೆ ಓಡಿದೆ. “ಎಂಬತ್ತೊಂದು ಜನ ಕಣಮ್ಮ!”

ಅವರು ಆಗಲೇ ಅನ್ನ ಬಾಗಿಸಿ, ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. “ಬರೋರು ಲೆಕ್ಕದ ಮೇಷ್ಟ್ರುಗಳು ಅಂತ ಗೊತ್ತಾದಾಗ್ಲೇ ನೂರು ಜನಕ್ಕೆ ಆಕ್ಬುಟ್ಟೆ ಕಣ್ರವ್ವ.”

೩. ಗಮನ ಪರೀಕ್ಷೆ

ಇದು ಕಾರ್ಯಾಗಾರದ್ದಲ್ಲ, ನನ್ನ ಕ್ಲಾಸಿನದು. ಆದರೆ ಮುಂದಿನದಕ್ಕೆ ಬೇಕು.

ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗ ಗಣಿತದವರು ಹೇಳುವ ಒಂದು ಮಾತಿದೆ. “ನೋಡಿದ್ರಾ, ನೀವು ಗಮನ ಕೊಡ್ತಿದ್ದೀರೋ ಇಲ್ವೋ ಅಂತ ನೋಡೋಕೆ ಬೇಕಂತಲೇ ಮಾಡಿದ್ದು.” ನನ್ನ ಮೇಷ್ಟ್ರು ನನಗೆ ಹೇಳಿದ್ದರು. ಅವರ ಮೇಷ್ಟ್ರು ಅವರಿಗೆ ಹೇಳಿರಲೇಬೇಕು. ಇದನ್ನು ಯಾರೂ ತರಬೇತಿಯಲ್ಲಿ ಕಲಿಸುವುದಿಲ್ಲ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ತಾನಾಗಿ ನಾಲಿಗೆಗೆ ಬರುತ್ತದೆ.

ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಮೈನಸ್ ಬದಲು ಪ್ಲಸ್ ಹಾಕಿದೆ. ಮೂಗೂರಿನಿಂದ ಬರುವ ಒಬ್ಬಳು ಹುಡುಗಿ ಎದ್ದು ಹೇಳಿದಳು. ನಾನು ತಣ್ಣಗೆ ಅದೇ ಮಾತು ಹೇಳಿ, ಅಳಿಸಿ, ಮುಂದುವರಿಸಿದೆ. ಐದು ನಿಮಿಷ ಕಳೆಯಿತು. ಅವಳು ಮತ್ತೆ ಎದ್ದಳು.

“ಮಿಸ್, ನಾವು ಇನ್ನೂ ಗಮನ ಕೊಡ್ತಾನೇ ಇದೀವಿ. ಇನ್ನೊಂದ್ಸಲ ಪರೀಕ್ಷೆ ಮಾಡೋದು ಬೇಡ.”

೪. ಬಸ್ಸಿನಲ್ಲಿ

ಕಾರ್ಯಾಗಾರದಲ್ಲಿ ಮುಂದೆ ನಿಂತು ಪಾಠ ಮಾಡುವವರನ್ನು ಸಂಪನ್ಮೂಲ ವ್ಯಕ್ತಿ ಅನ್ನುತ್ತಾರೆ. ನನಗೆ ನೆನಪಿರುವಷ್ಟು ವರ್ಷವೂ ಆ ಜಾಗ ನಂಜನಗೂಡಿನವರದೇ. ಟೀ ಹೊತ್ತಿನಲ್ಲಿ ಹಿರಿಯ ಮೇಷ್ಟ್ರು ನಮ್ಮನ್ನು ಕಾಡಿಸುವುದೂ ತಪ್ಪುತ್ತಿರಲಿಲ್ಲ. “ನರಸೀಪುರದೋರು ತುಂಬ ಒಳ್ಳೆ ಜನ ಕಣ್ರೀ. ಎಷ್ಟು ವರ್ಷದಿಂದ ಸುಮ್ನೆ ಕೇಳಿಸ್ಕೊಂಡು ಕೂತಿದಾರೆ!” ನಾವು ನಗುತ್ತಿದ್ದೆವು, ಆದರೆ ಬಸ್ಸಿನಲ್ಲಿ ಊರು ತಲುಪುವವರೆಗೂ ಅದೇ ಮಾತು ಚುಚ್ಚುತ್ತಿತ್ತು.

ಹೋದ ವರ್ಷ ಪರಿವೀಕ್ಷಕರು ನನ್ನ ಹೆಸರು ಬರೆದರು. ಮಕ್ಕಳು ಮಾಡುವ ತಪ್ಪುಗಳನ್ನು ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ ಅಂತ ಯಾರೋ ಅವರಿಗೆ ಹೇಳಿದ್ದರಂತೆ. ವಿಷಯ ‘ತಪ್ಪುಗಳಿಂದ ಕಲಿಕೆ’. ನಮ್ಮ ತಾಲ್ಲೂಕಿನಿಂದ ಹೀಗೆ ಮುಂದೆ ನಿಲ್ಲುವುದು ನಾನೇ ಮೊದಲು. ನನ್ನ ಮರ್ಯಾದೆ ಹಾಗಿರಲಿ, ಮೂವತ್ತೊಂಬತ್ತು ಜನರ ಮರ್ಯಾದೆ ನನ್ನ ಬಾಯಲ್ಲಿತ್ತು.

ಅವತ್ತು ಬೆಳಿಗ್ಗೆ ನಂಜನಗೂಡು ಬಸ್ಸಿನಲ್ಲಿ ನಮ್ಮವರು ಹೆಣ್ಣು ನೋಡಲು ಹೊರಟವರ ಹಾಗೆ ತುಂಬಿಕೊಂಡಿದ್ದರು. ಒಬ್ಬರು ನನ್ನ ಚಾರ್ಟು ಹಿಡಿದಿದ್ದರು. ಇನ್ನೊಬ್ಬರು ನನ್ನ ನೀರಿನ ಬಾಟಲಿ ಕಾಯುತ್ತಿದ್ದರು. ನಿಧಾನವಾಗಿ ಮಾತಾಡಿ ಅಂತ ಕೆಲವರು, ಬೇಗ ಮುಗಿಸಿ ಅಂತ ಕೆಲವರು. ಪಕ್ಕದ ಶಾಲೆಯ ಮೇಷ್ಟ್ರು ಮಾತ್ರ ಧೈರ್ಯ ತುಂಬಿದರು.

“ಹೆದರ್ಕೋಬೇಡಿ ಮೇಡಂ. ಏನಾದ್ರೂ ಎಡವಟ್ಟಾದ್ರೆ ಬರೋವಾಗ ನಿಮ್ಮ ಪಕ್ಕ ಯಾರೂ ಕೂರಲ್ಲ, ಅಷ್ಟೇ.”

೫. ಬಾಳೆ ತೋಟ

ಹಾಲ್ ಭರ್ತಿಯಾಗಿತ್ತು. ಎರಡನೇ ಸಾಲಿನ ತುದಿಯಲ್ಲಿ ಹಿರಿಯ ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಕೂತರು. ಪರಿವೀಕ್ಷಕರು ರಿಜಿಸ್ಟರು ಬಿಚ್ಚಿದರು.

ನಾನು ಒಂದು ಲೆಕ್ಕದಿಂದ ಶುರು ಮಾಡಿದೆ. ಒಂದು ಬಾಳೆ ತೋಟ. ಏಳು ಸಾಲು, ಸಾಲಿಗೆ ಎಂಟು ಗಿಡ. ಅರ್ಧ ಗಿಡ ಗೊನೆ ಬಿಟ್ಟಿವೆ. ಗೊನೆ ಬಿಟ್ಟ ಗಿಡ ಎಷ್ಟು? ನನ್ನ ಎಂಟನೇ ಕ್ಲಾಸಿನ ಒಬ್ಬ ಹುಡುಗ ತೋಟದಲ್ಲಿ ಒಟ್ಟು ಹದಿನೈದು ಗಿಡ ಅಂತ ಬರೆದಿದ್ದ. ಬೈಯುವ ಬದಲು ಯಾಕೆ ಅಂತ ಕೇಳಿದೆ. ಅವನ ಅಪ್ಪ ತೋಟದೊಳಗೆ ಕಾಲಿಡಲು ಬಿಡುವುದಿಲ್ಲವಂತೆ, ಅವನು ಓಡಾಡುವುದು ಬದುವಿನ ಮೇಲೆ ಮಾತ್ರ. ಹಾಗಾಗಿ ಎರಡು ಬದುವಿನ ಪಕ್ಕದಲ್ಲಿ ಕಂಡ ಏಳನ್ನೂ ಎಂಟನ್ನೂ ಕೂಡಿದ್ದ. “ಮಗು ತಪ್ಪು ಮಾಡಿದೆ ಅಂದರೆ ಅದು ಎಲ್ಲಿ ನಿಂತು ನೋಡ್ತಿದೆ ಅಂತ ನಮಗೆ ಗೊತ್ತಾಗ್ತದೆ” ಅಂದೆ. ಹಾಲಿನಲ್ಲಿದ್ದವರೆಲ್ಲ ತಲೆದೂಗಿದರು. ನನಗೆ ಉಸಿರು ಬಂತು.

ಆ ಖುಷಿಯಲ್ಲೇ ತಿರುಗಿ, ಸರಿಯಾದ ದಾರಿ ಹೀಗೆ ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಏಳೆಂಟ್ಲ ಐವತ್ನಾಲ್ಕು. ಅದರಲ್ಲಿ ಅರ್ಧ ಇಪ್ಪತ್ತೇಳು.

ಯಾರೂ ಕೈ ಎತ್ತಲಿಲ್ಲ. ಹದಿನೈದು ನಿಮಿಷದ ತಪ್ಪಿಗೆ ಇಪ್ಪತ್ತು ಕೈ ಎತ್ತಿದ ಜನ ಉಸಿರು ಬಿಡದೆ ಕೂತಿದ್ದರು. ನಾನು ಮುಂದುವರಿದು, ಹಂಚಿದ ಹಾಳೆಯಲ್ಲಿ ಉತ್ತರ ನೋಡಿಕೊಳ್ಳಿ ಅಂದೆ. ನಾನೂ ನೋಡಿದೆ. ಹಾಳೆಯಲ್ಲಿ ಇಪ್ಪತ್ತೆಂಟು ಅಂತ ಅಚ್ಚಾಗಿತ್ತು. ಅದನ್ನು ಅಚ್ಚು ಹಾಕಿಸಿದವಳು ನಾನೇ.

ಹಿರಿಯ ಮೇಷ್ಟ್ರು ಎದ್ದು ನಿಂತರು. ಸರಿ, ನರಸೀಪುರದ ಕಥೆ ಮುಗಿಯಿತು ಅಂದುಕೊಂಡೆ.

“ಮೇಡಂ, ನಾವೆಲ್ಲ ಆಗ್ಲೇ ನೋಡಿದ್ವಿ. ಬೇಕಂತಲೇ ಬರೆದಿದೀರಿ ಅಂತ ಗೊತ್ತಾಗಿ ಬಾಯಿ ಬಿಡಲಿಲ್ಲ. ತಪ್ಪಿನ ಬಗ್ಗೆ ಪಾಠ, ಅದರೊಳಗೇ ಒಂದು ತಪ್ಪು. ಭೇಷ್!”

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಮ್ಮವರು ಎದ್ದು ನಿಂತು ತಟ್ಟಿದರು. ಪರಿವೀಕ್ಷಕರು ತಲೆ ಬಗ್ಗಿಸಿ ಸರಸರ ಬರೆಯುತ್ತಿದ್ದರು. ನಾನು ಸುಮ್ಮನೆ ಒಂದು ಸಲ ನಕ್ಕಿದ್ದರೆ ಸಾಕಿತ್ತು. ಆದರೆ ಕೈಯಲ್ಲಿ ಮಕ್ಕಳ ತಪ್ಪಿನ ಪುಸ್ತಕ ಇತ್ತು. ಆ ಹುಡುಗ ನಾಚದೆ ನಿಜ ಹೇಳಿದ್ದಕ್ಕೇ ತಾನೇ ನಾನು ಇಲ್ಲಿ ನಿಂತಿರುವುದು ಅನ್ನಿಸಿತು.

“ಇಲ್ಲ ಸಾರ್,” ಅಂದೆ. “ಬೇಕಂತ ಬರೆದಿದ್ದಲ್ಲ. ನಿಜವಾಗ್ಲೂ ತಪ್ಪಿದೆ.”

ಚಪ್ಪಾಳೆ ನಿಂತಿತು. ಹಿಂದಿನಿಂದ ಪಕ್ಕದ ಶಾಲೆಯ ಮೇಷ್ಟ್ರ ದನಿ ಕೇಳಿತು: “ಅಯ್ಯೋ, ಒಪ್ಕೊಂಡೇಬಿಟ್ರಲ್ಲಪ್ಪ!”

ಹಿರಿಯ ಮೇಷ್ಟ್ರು ಕೂರಲಿಲ್ಲ. ಕನ್ನಡಕ ತೆಗೆದರು. “ಮೂವತ್ತೊಂದು ವರ್ಷ ಪಾಠ ಮಾಡಿದೀನಿ. ಬೋರ್ಡಿನ ಮೇಲೆ ತಪ್ಪಿದಾಗೆಲ್ಲ ಬೇಕಂತಲೇ ಮಾಡಿದ್ದು ಅಂತ ಹೇಳ್ಕೊಂಡು ಬಂದೆ. ಒಂದೂ ಬೇಕಂತ ಮಾಡಿದ್ದಲ್ಲ.” ಆಮೇಲೆ ಹಾಲಿನ ಕಡೆ ತಿರುಗಿದರು. “ನಿಮ್ಮಲ್ಲಿ ಯಾರಾದ್ರೂ ನಿಜವಾಗ್ಲೂ ಬೇಕಂತ ತಪ್ಪು ಮಾಡಿದೋರಿದ್ರೆ ಕೈ ಎತ್ರಪ್ಪ.”

ಒಂದು ಕೈಯೂ ಏಳಲಿಲ್ಲ. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಇಡೀ ಹಾಲ್ ನಕ್ಕಿತು. “ಕೇಳಿಸ್ಕೊಂಡು ಕೂತಿದ್ದ ಜನ ಇವತ್ತು ನಮ್ಮನ್ನ ಕೂರಿಸಿ ಹೇಳಿಬಿಟ್ರು” ಅಂತ ಹಿರಿಯ ಮೇಷ್ಟ್ರು ನನಗೆ ಕೈ ಮುಗಿದರು. ಈ ಕೆಲಸಕ್ಕೆ ಸೇರಿದ್ದಕ್ಕೆ, ಇಂಥವರ ಜೊತೆ ಸೇರಿದ್ದಕ್ಕೆ ನನಗೆ ಅವತ್ತು ಆದ ಹೆಮ್ಮೆ ಬೇರೆ ಯಾವತ್ತೂ ಆಗಿಲ್ಲ.

ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಆಗಲೇ ಮೂರು ಕರ್ಚೀಫು ಬಿದ್ದಿದ್ದವು. ನಾನು ಮೆಟ್ಟಿಲಿಗೆ ಕಾಲಿಡುತ್ತಿದ್ದಾಗ ಪರಿವೀಕ್ಷಕರು ಕೆಂಪು ರಿಜಿಸ್ಟರು ಹಿಡಿದುಕೊಂಡು ಏದುಸಿರು ಬಿಡುತ್ತಾ ಓಡಿ ಬಂದರು.

“ಮೇಡಂ, ಮೇಡಂ! ಚಪ್ಪಾಳೆ ಹೊಡೀತಿದ್ದಾಗ್ಲೇ ನಾನು ಬರೆದುಬಿಟ್ಟೆ. ‘ಬೇಕೆಂದೇ ತಪ್ಪು ಮಾಡಿ ಕಲಿಸುವ ನೂತನ ವಿಧಾನ, ಎಲ್ಲ ಶಾಲೆಗಳಲ್ಲೂ ಅಳವಡಿಸಬಹುದು’ ಅಂತ. ಪೆನ್ನಲ್ಲಿ ಬರೆದಾಗಿದೆ. ಹೊಡೆದು ಹಾಕೋಹಾಗಿಲ್ಲ. ಮೇಲಿನೋರು ಕೇಳಿದ್ರೆ ಏನ್ ಹೇಳ್ಲಿ?”

ಕಂಡಕ್ಟರು ಸೀಟಿ ಊದಿದ. ನಾನು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದೆ:

“ಅವರು ಗಮನ ಕೊಟ್ಟು ಓದ್ತಾರೋ ಇಲ್ವೋ ಅಂತ ನೋಡೋಕೆ ಬೇಕಂತಲೇ ಬರೆದೆ ಅನ್ನಿ ಸಾರ್!”